ಮೊದಲ ಸಾಲು ಬಿಟ್ಟು ಓದಿದವನು

"ನೀವು ಓದ್ತಾ ಇಲ್ಲ. ಹಾರಿಸ್ತಾ ಇದ್ದೀರಿ."

ಕಂಪ್ಯೂಟರ್ ರಿಪೇರಿಗೆ ಬಂದು, ಪರದೆಯ ಸಾಲುಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದವನ ಕೈ ಕೀಲಿಮಣೆಯ ಮೇಲೇ ನಿಂತಿತು. ಕೂತ ಕುರ್ಚಿ ಇನ್ನೂ ಬಿಸಿಯಾಗಿಲ್ಲ, ಆಗಲೇ ಈ ಮಾತು! ಅದೂ ಪರದೆಯನ್ನು ನೋಡಲಾಗದ ಹುಡುಗಿಯಿಂದ.

ಅವಳು ಬ್ರೈಲ್ ಪ್ರೆಸ್ಸಿನಲ್ಲಿ ಕರಡು ತಿದ್ದುವವಳು. ಹುಟ್ಟಿನಿಂದ ಕಣ್ಣು ಕಾಣದು. ಆದರೆ ಕಾಗದದ ಮೇಲೆ ಒಂದು ಚುಕ್ಕಿ ತಪ್ಪಿದರೂ ಅವಳ ಬೆರಳು ಬಿಡುತ್ತಿರಲಿಲ್ಲ. ಪ್ರೆಸ್ಸಿನವರೆಲ್ಲ ಅವಳನ್ನು ಬೆರಳಮ್ಮ ಎಂದೇ ಕರೆಯುತ್ತಿದ್ದರು.

ಪ್ರೆಸ್ಸಿನ ಕಂಪ್ಯೂಟರ್ ಕೆಟ್ಟು, ಅಟ್ಟದ ಮೇಲೆ ವರ್ಷಗಟ್ಟಲೆ ಮಲಗಿದ್ದ ಇನ್ನೊಂದನ್ನು ಇಳಿಸಿದ್ದರು. ಅಕ್ಷರವನ್ನು ಚುಕ್ಕಿಗೆ ತಿರುಗಿಸುವ ಎಕ್ಸ್‌ಟೆನ್ಷನ್ ಅದರಲ್ಲಿ ಇರಲಿಲ್ಲ. ಪರದೆಯಲ್ಲಿದ್ದುದನ್ನು ಓದಿ ಹೇಳುವ ದನಿಯೂ ಇರಲಿಲ್ಲ. ಸಂಜೆಯೊಳಗೆ ಶಾಲೆಗೆ ಪಾಠದ ಪುಸ್ತಕ ಹೋಗದಿದ್ದರೆ ಬ್ರೈಲ್ ವಿಭಾಗವನ್ನೇ ಮುಚ್ಚಿ, ಅವಳನ್ನು ಫೋನ್ ಎತ್ತುವ ಕೆಲಸಕ್ಕೆ ಕೂರಿಸುತ್ತೇನೆಂದು ಯಜಮಾನರು ಖಡಾಖಂಡಿತವಾಗಿ ಹೇಳಿದ್ದರು.

ಫೋನ್ ಎತ್ತುವುದೇ! ತನ್ನ ಬೆರಳುಗಳಿಗೆ ಅನ್ನ ಹಾಕುವವರು ಯಾರು?

ರಿಪೇರಿಯವನು ಸಮಾಧಾನದಿಂದ ವಿವರಿಸಿದ. ಪ್ಯಾಕೇಜ್ ಮ್ಯಾನೇಜರ್ ಅಂದರೆ ಅಂಗಡಿಯಾಳು ಇದ್ದ ಹಾಗೆ. ಹೆಸರು ಹೇಳಿದರೆ ದೂರದ ಸರ್ವರಿನಿಂದ ತಂದು ಕೂಡಿಸಿಕೊಡುತ್ತದೆ. ಈಗ ಅದು 'ಈ ಹೆಸರಿನದು ಇಲ್ಲ' ಎನ್ನುತ್ತಿದೆ. ಮೇಲಿನ ಸಾಲುಗಳೆಲ್ಲ ಮಾಮೂಲಿ ಎಚ್ಚರಿಕೆ, ನಿಮಗ್ಯಾಕೆ ಆ ತಲೆನೋವು ಎಂದ.

ಮತ್ತೆ ಹೆಸರು ಕೊಟ್ಟ. ಮತ್ತೆ ಅದೇ ಉತ್ತರ. ಎದ್ದು ಯಜಮಾನರ ಕೋಣೆಗೆ ಹೋದ.

ಕಣ್ಣಿಲ್ಲದವರ ಹತ್ತಿರ ಮೆಲ್ಲಗೆ ಮಾತಾಡಿದರೆ ಕೇಳಿಸುವುದಿಲ್ಲವೆಂದು ಕಣ್ಣಿದ್ದವರಿಗೆ ಅದೇನು ನಂಬಿಕೆಯೋ! ಹಲಗೆ ಗೋಡೆಯ ಆಚೆಯಿಂದ ಅವನ ದನಿ ನೆಟ್ಟಗೆ ಅವಳ ಕಿವಿಗೇ ಬಂತು.

"ಆ ಎಕ್ಸ್‌ಟೆನ್ಷನ್ ಮಾಡಿದವರೇ ಅದನ್ನ ನಿಲ್ಲಿಸಿಬಿಟ್ಟಿರಬೇಕು ಸಾರ್. ಮೇಡಂಗೆ ಈಗಲೇ ಹೇಳೋದು ಬೇಡ, ನೊಂದ್ಕೋತಾರೆ."

ಅವನು ವಾಪಸ್ ಬಂದು, ಇನ್ನೊಂಚೂರು ನೋಡೋಣ ಎಂದು ನಗುನಗುತ್ತಾ ಕೂತ. ಅವಳ ಮೈಯೆಲ್ಲ ಉರಿಯಿತು.

"ನನ್ನ ಕೆಲಸ ಹೋಗೋ ಸುದ್ದಿ ಊರಿಗೆಲ್ಲ ಮೊದಲು, ನನಗೆ ಕೊನೇಲಾ?"

"ಅಯ್ಯೋ, ಹಾಗಲ್ಲ... ನಿಮಗೆ ಬೇಜಾರಾಗ್ಬಾರ್ದು ಅಂತ..."

"ಬೇಜಾರು ಮಾಡ್ಕೊಳ್ಳೋದು ನನ್ನ ಪಾಲಿನ ಕೆಲಸ. ಓದೋದು ನಿಮ್ಮದು. ಮೊದಲ ಸಾಲಿಂದ ಓದಿ. ಒಂದು ಪದಾನೂ ನುಂಗಬೇಡಿ."

ಅವನು ತಲೆ ತಗ್ಗಿಸಿ ಮೇಲಕ್ಕೆ ಹೋಗಿ ಓದತೊಡಗಿದ. ಸರ್ವರಿನ ಪ್ರಮಾಣಪತ್ರ ಇನ್ನೂ ಜಾರಿಗೆ ಬಂದಿಲ್ಲ. ಹೊಸ ಪಟ್ಟಿ ತರಲಾಗಲಿಲ್ಲ. ಹಳೆಯ ಪಟ್ಟಿಯನ್ನೇ ಬಳಸಲಾಗುತ್ತಿದೆ...

"ನಿಲ್ಲಿ. 'ಇನ್ನೂ' ಅಂತಿದೆಯಾ?"

"ಹೌದು. ಇನ್ನೂ ಜಾರಿಗೆ ಬಂದಿಲ್ಲ."

"ಅವಧಿ ಮುಗಿದಿದೆ ಅಂದಿದ್ರೆ ಬೇರೆ. ಇನ್ನೂ ಬಂದಿಲ್ಲ ಅಂದ್ರೆ... ಈ ಪೆಟ್ಟಿಗೆ ಪ್ರಕಾರ ಇವತ್ತು ಯಾವ ತಾರೀಖು?"

ಅವನು ಪರದೆಯ ಮೂಲೆ ನೋಡಿ ಹಣೆ ಚಚ್ಚಿಕೊಂಡ. ಅಟ್ಟದ ಮೇಲೆ ಬಿದ್ದಲ್ಲೇ ಒಳಗಿನ ಪುಟ್ಟ ಸೆಲ್ ಸತ್ತು, ಗಡಿಯಾರ ವರ್ಷಗಟ್ಟಲೆ ಹಿಂದೆ ಬಿದ್ದಿತ್ತು. ಇವತ್ತಿನ ಸರ್ವರಿನ ಪ್ರಮಾಣಪತ್ರ ಅದರ ಲೆಕ್ಕಕ್ಕೆ ಮುಂದೆಂದೋ ಶುರುವಾಗುವಂಥದ್ದು; ಅದನ್ನು ನಂಬದೆ, ಅಂಗಡಿಯಾಳು ಹಳೆಯ ಪಟ್ಟಿ ಹಿಡಿದು ಹುಡುಕುತ್ತಿತ್ತು. ಆ ಪಟ್ಟಿಯಲ್ಲಿ ಈ ಎಕ್ಸ್‌ಟೆನ್ಷನ್ ಇನ್ನೂ ಹುಟ್ಟೇ ಇರಲಿಲ್ಲ!

ಪಕ್ಕದ ಮೇಜಿನಲ್ಲಿ ಪುಸ್ತಕ ಹೊಲಿಯುತ್ತಿದ್ದವರು ಅವಳ ಅಣ್ಣನ ಹೆಂಡತಿ. ಅವರ ಬಾಯಿ ಸುಮ್ಮನಿರಬೇಕಲ್ಲ.

"ನನ್ನ ವಯಸ್ಸನ್ನೂ ಆ ಪೆಟ್ಟಿಗೆ ಹತ್ರಾನೇ ಕೇಳಿ ಬರ್ಕೊಳ್ರಪ್ಪ."

ಅವನು ತಾರೀಖು ಸರಿಮಾಡಿ, ಹೊಸ ಪಟ್ಟಿ ತರಿಸಿ, ಮತ್ತೆ ಹೆಸರು ಕೊಟ್ಟ. ಈ ಸಲ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿದ. ಆ ದನಿಯಲ್ಲಿ ಅಯ್ಯೋ ಪಾಪವೂ ಇರಲಿಲ್ಲ, ಅವಸರವೂ ಇರಲಿಲ್ಲ. 'ಹೀಗೂ ಓದಲು ಬರುತ್ತದಲ್ಲ ಇವನಿಗೆ...' ಅವಳ ಸಿಟ್ಟು ಅರ್ಧದಾರಿಯಲ್ಲೇ ದಾರಿ ತಪ್ಪಿತು.

ಎಕ್ಸ್‌ಟೆನ್ಷನ್ ಕೂಡಿತು. ಯಂತ್ರ ಟಕಟಕ ಎಂದು ಚುಕ್ಕಿ ಒತ್ತತೊಡಗಿತು. ಹೊತ್ತು ಮುಳುಗುವ ಮೊದಲೇ ಪುಸ್ತಕ ಶಾಲೆ ಸೇರಿತು. ವಿಭಾಗ ಮುಚ್ಚುವ ಮಾತನ್ನು ಯಜಮಾನರು ಮತ್ತೆ ಎತ್ತಲಿಲ್ಲ.

ಅವನು ಮಾತ್ರ ಬರುವುದನ್ನು ನಿಲ್ಲಿಸಲಿಲ್ಲ. ಸೆಲ್ ಬದಲಿಸಲು ಬಂದ. ತಂತಿ ನೋಡಲು ಬಂದ. ನೆಪಗಳೆಲ್ಲ ಖಾಲಿಯಾದ ಮೇಲೆ, ರಜೆಯ ದಿನ ಮೂಲಪ್ರತಿ ಹಿಡಿದು ಓದಲು ಕೂತ. ಅವನು ಓದುತ್ತಿದ್ದರೆ ಅವಳ ಬೆರಳು ಚುಕ್ಕಿಗಳ ಮೇಲೆ ಅವನ ಹಿಂದೆಯೇ ಹೋಗುತ್ತಿತ್ತು. ಇವನಿಗೆ ರಜೆ ಬಂದಾಗಲೇ ಆ ಕಂಪ್ಯೂಟರಿಗೆ ಜ್ವರ ಬರುತ್ತದೆ ಎಂದು ಅತ್ತಿಗೆ ಸೂಜಿಯ ಜೊತೆ ಮಾತನ್ನೂ ಚುಚ್ಚುತ್ತಿದ್ದರು.

ಒಂದು ಮಧ್ಯಾಹ್ನ ಅವನು ಬಂದವನು ಕೂರಲಿಲ್ಲ. ಅತ್ತಿಗೆ ಊಟಕ್ಕೆ ಹೋಗಿದ್ದರು.

"ಏನು ಕೆಟ್ಟಿದೆ ಇವತ್ತು?" ಅವಳು ಕೇಳಿದಳು.

"ಏನೂ ಕೆಟ್ಟಿಲ್ಲ. ಮನೇಲಿ... ನಿಮ್ಮ ವಿಷಯ ಹೇಳ್ದೆ."

ಅವಳ ಬೆರಳು ಸಾಲಿನ ನಡುವೆ ನಿಂತಿತು. 'ಈಗ ಸಕ್ಕರೆ ಸುರಿಯುತ್ತಾನೆ. ಎಲ್ಲರಿಗೂ ಖುಷಿ ಅನ್ನುತ್ತಾನೆ...'

"ಅಕ್ಕ ಖುಷಿಪಟ್ಲು. ಅಮ್ಮ ಬೇಡ ಅಂದ್ರು. ಕಣ್ಣು ಕಾಣದವಳು ಮನೆ ಹೇಗೆ ನಡೆಸ್ತಾಳೆ ಅಂತ ಅತ್ರು. ಒಂದ್ಸಲ ನೋಡ್ತೀನಿ ಅಂತ ಇವತ್ತು ಬೆಳಗ್ಗೆ ಅಂದಿದ್ದಾರೆ. ಅಷ್ಟೇ... ಒಪ್ಪಿಲ್ಲ."

ನೋವಾಯಿತು. ಸುಳ್ಳೇಕೆ, ಚೆನ್ನಾಗಿಯೇ ನೋವಾಯಿತು. ಆದರೂ ಇಷ್ಟು ಕಹಿಯನ್ನು ಅವಳ ಕೈಗೇ ಕೊಟ್ಟು, ಪಕ್ಕದಲ್ಲಿ ಅಲುಗದೆ ನಿಂತವರು ಈತನಕ ಯಾರಿದ್ದರು?

"ಕರ್ಕೊಂಡು ಬನ್ನಿ. ಉತ್ತರ ನಾನೇ ಕೊಡ್ತೀನಿ."

"ಹೆದರಿಕೆ ಆಗಲ್ವಾ?"

"ಹೆದರ್ತಿರೋರು ಅತ್ತೆ. ಸೊಸೆಗೆ ಯಾಕೆ ಹೆದರಿಕೆ?"

ಅವನು ಮೇಜಿನ ಹತ್ತಿರಕ್ಕೆ ಸರಿದ.

"ಸೊಸೆ... ಅಂದ್ರಾ ಈಗ?"

ಅವಳ ಕಿವಿಯ ತುದಿ ಬಿಸಿಯಾಯಿತು. ಆದರೂ ಮುಖ ತಗ್ಗಿಸಲಿಲ್ಲ. ಕೈ ಮುಂದೆ ಚಾಚಿದಳು. ಅವನು ಹಿಡಿದ.

"ಅಂದೆ."

"ಇನ್ನೊಂದ್ಸಲ ಹೇಳಿ."

"ಅದನ್ನ ನಿಮ್ಮಮ್ಮನ ಮುಂದೆ ಹೇಳ್ತೀನಿ. ನಿಮಗೊಬ್ಬರಿಗೇ ಹೇಳೋದು ಬೇರೆ ಇದೆ... ಹತ್ತಿರ ಬನ್ನಿ."