ಬಾತುಗಳು ಮುಟ್ಟದ ತಟ್ಟೆ

ನೈಲ್ ದಂಡೆಯ ಗುರ್ನಾದಲ್ಲಿ, ನಮ್ಮ ಮನೆ ಹಿಂದೆ ಒಲೆಗೆ ಗುಂಡಿ ತೋಡುವಾಗ ಮಣ್ಣಿನ ತಟ್ಟೆಯೊಂದು ಸಿಕ್ಕಿತು. ಸತ್ತವರಿಗೆ ನೀರೆರೆಯಲು ಹಿಂದಿನವರು ಗೋರಿಯಲ್ಲಿ ಇಡುತ್ತಿದ್ದಂಥದು. ಒಳಗೆ ಮಣ್ಣಲ್ಲೇ ಮಾಡಿದ ರೊಟ್ಟಿ, ಈರುಳ್ಳಿ, ಕರುವಿನ ತೊಡೆ. ಅಂಚಿನಲ್ಲಿ ನೀರು ಹರಿಯಲು ಒಂದು ಮೂತಿ.

ಅತ್ತೆ ವಹೀಬಾ ಅದಕ್ಕೆ ನೀರು ತುಂಬಿ ಬಾತುಕೋಳಿಗಳ ಮುಂದಿಟ್ಟರು.

"ಗೋರೀದು ಅತ್ತೆ, ಬೇಡ," ಅಂದೆ.

"ಗೋರಿಯವನು ಇಷ್ಟು ಕಾಲ ಕುಡಿದದ್ದು ಸಾಕು. ನೀನು ಹೋಗಿ ಹಿಟ್ಟು ನಾದೇ."

ಬಾತುಗಳು ಹತ್ತಿರ ಸುಳಿಯಲಿಲ್ಲ. ಆದರೂ ಮಧ್ಯಾಹ್ನದ ನಮಾಜಿನ ಹೊತ್ತಿಗೆ ತಟ್ಟೆ ಬರಿದಾಗಿತ್ತು. ಕೆಳಗಿನ ನೆಲ ಒಣಗಿಯೇ ಇತ್ತು. ಮೂತಿಯಿಂದ ಜೊಲ್ಲಿನಂಥ ಎಳೆಯೊಂದು ಜೋತಾಡುತ್ತಿತ್ತು. ತಿಂಗಳುಗಟ್ಟಲೆ ತೊಳೆಯದ ಬಾಯಿಯ ನಾತ. ನೊಣಗಳೆಲ್ಲ ಆ ಮಣ್ಣಿನ ತೊಡೆಗೇ ಮುತ್ತಿದ್ದವು.

ಬೂದಿ ಹಾಕಿ ತಿಕ್ಕಲು ಹೋದೆ. ತೊಡೆ ಬೆಚ್ಚಗಿತ್ತು. ಹೆಬ್ಬೆರಳು ಮೆತ್ತಗೆ ಒಳಗಿಳಿದು, ಉಗುರಿನಡಿ ಕೊಬ್ಬು ಮೆತ್ತಿಕೊಂಡಿತು. ಕೈ ಕಿತ್ತುಕೊಂಡು ಅತ್ತೆಯನ್ನು ಕೂಗಿದೆ.

ಅತ್ತೆ ಗುದ್ದಲಿಯಿಂದ ತಟ್ಟೆ ಒಡೆದು ಚೂರುಗಳನ್ನು ಕೆದಕಿದರು. "ನೋಡೇ, ಬರೀ ಮಣ್ಣು." ನಿಜವಾಗಿಯೂ ಬರೀ ಮಣ್ಣೇ. ಕಾಲುವೆಗೆ ಎಸೆದೆವು.

ಆಮೇಲೆ ಕೈಗೆ ಸೋಪು, ನಿಂಬೆ, ಸೀಮೆಎಣ್ಣೆ ಎಲ್ಲ ಹಾಕಿ ತಿಕ್ಕಿದ್ದೇನೆ. ಇಡೀ ಮನೆಯಲ್ಲಿ ನೊಣ ಕೂರುವುದು ನನ್ನ ಆ ಹೆಬ್ಬೆರಳ ಮೇಲೆಯೇ. ಈಗ ರೊಟ್ಟಿಗೆ ಹಿಟ್ಟು ಅತ್ತೆಯೇ ನಾದುತ್ತಾರೆ.