ಸುನೀಲನ ಚಾಕು, ಚಿನ್ನಕ್ಕನ ಹುಳು

ಭವ್ಯಾ ನಮ್ಮ ಜಗಲಿ ಹತ್ತಿದಾಗ ಅವಳ ಕೈಯಲ್ಲಿ ಬಟ್ಟೆ ತುಂಬಿದ ಬ್ಯಾಗಿತ್ತು.

"ಲಕ್ಷ್ಮಕ್ಕ, ಒಂದು ಗಂಟೆ ಬಸ್ಸಿಗೆ ನನ್ನ ತವರಿಗೆ ಕಳಿಸ್ತಾವ್ರೆ. ರೇಷ್ಮೆ ಹುಳಕ್ಕೆ ನಾನೇ ವಿಷ ಇಕ್ಕಿದೆ ಅಂತಾರೆ ನಮ್ಮತ್ತೆ. ನೀವೊಂದು ಸಲ ಬಂದು ನೋಡ್ರಿ," ಎಂದಳು.

ನನ್ನ ಹೆಂಡತಿ ಲಕ್ಷ್ಮಕ್ಕ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ಹನ್ನೆರಡು ವರ್ಷ ಚೆಕಿಂಗ್ ಮಾಡಿದವಳು. ಒಂದು ಹೊಲಿಗೆ ತಪ್ಪಿದ್ದರೂ ಅವಳ ಬೆರಳು ಅಲ್ಲೇ ನಿಲ್ಲುತ್ತಿತ್ತು. ಮಡಕಶಿರಾ ಕಡೆಯ ನಮ್ಮೂರಿಗೆ ವಾಪಸು ಬಂದ ಮೇಲೂ ಆ ಬುದ್ಧಿ ಹೋಗಲಿಲ್ಲ. ಊರಿನಲ್ಲಿ ಏನು ಕಳೆದರೂ ಏನು ಕೆಟ್ಟರೂ ಜನ ನಮ್ಮ ಬಾಗಿಲಿಗೇ ಬರುತ್ತಿದ್ದರು. ಬಂದವರೆಲ್ಲ ಸರಿಯಾಗಿ ನಾನು ಮುದ್ದೆಗೆ ಕೈಯಿಟ್ಟ ಹೊತ್ತಿಗೇ ಬರುತ್ತಿದ್ದರು. ಆ ದಿನವೂ ಮುದ್ದೆ ಬಿಟ್ಟು, ಬೀಡಿ ಹಚ್ಚಿಕೊಂಡು ಅವಳ ಹಿಂದೆ ನಡೆದೆ.

ಭವ್ಯಾಳ ಅತ್ತೆ ಚಿನ್ನಕ್ಕ ಹುಳುಮನೆಯ ಬಾಗಿಲಲ್ಲೇ ನನ್ನನ್ನು ತಡೆದಳು.

"ಯರ್ರಪ್ಪಣ್ಣ, ಬೀಡಿ ಕೈಯಲ್ಲಿ ಒಳಗೆ ಬರ್ಬ್ಯಾಡ. ಹೊಗೆಸೊಪ್ಪು ಮುಟ್ಟಿದ ಕೈ ಸೋಕಿದರೂ ಹುಳ ಉಳಿಯಲ್ಲ. ಇರೋವನ್ನಾದರೂ ಉಳಿಸ್ಕೊಂತೀನಿ."

ಸರಿ, ಹೊರಗೇ ನಿಂತೆ. ಚಿನ್ನಕ್ಕನ ಗಂಡ ನರಸಿಂಹಪ್ಪನೂ ಲವಂಗ ಜಗಿಯುತ್ತಾ ನನ್ನ ಪಕ್ಕದಲ್ಲೇ ನಿಂತಿದ್ದ. ಹೋದ ವರ್ಷ ಎದೆನೋವು ಬಂದಾಗ ಹೇಮಾವತಿ ಗುಡಿಯ ಸಿದ್ದೇಶ್ವರನ ಮುಂದೆ ಆಣೆ ಮಾಡಿ ಹೊಗೆಸೊಪ್ಪು ಬಿಟ್ಟಿದ್ದ. ಅವನ ಎಲೆಅಡಿಕೆ ಚೀಲವನ್ನೂ ಅದರೊಳಗಿದ್ದ ಹಳೇ ಚಾಕುವನ್ನೂ ಚಿನ್ನಕ್ಕ ಅವತ್ತೇ ಬಾವಿಗೆ ಎಸೆದಿದ್ದಳು. ನಲವತ್ತು ವರ್ಷ ಹುಳು ಸಾಕಿದ ಮನುಷ್ಯ. ಅವನ ಮುಖ ನೋಡಿ ನನಗೆ ಅಯ್ಯೋ ಅನ್ನಿಸಿತು.

ಬಾಗಿಲಿಂದಲೇ ಒಳಗೆ ಮೂರು ಸಾಲು ತಟ್ಟೆಗಳು ಕಂಡವು. ಎರಡು ಸಾಲುಗಳಲ್ಲಿ ಹುಳುಗಳು ಸೊಪ್ಪು ಮೇಯುತ್ತಿದ್ದವು. ಮೂರನೆಯ ಸಾಲಿನವು ಹಸಿರು ನೀರು ಕಕ್ಕಿ, ಮುದುರಿ ಸತ್ತಿದ್ದವು.

"ಸೊಪ್ಪು ಯಾರು ಹೆಚ್ಚಿದ್ದು?" ಎಂದು ಲಕ್ಷ್ಮಕ್ಕ ಕೇಳಿದಳು.

"ಆ ಎರಡು ಸಾಲಿಗೆ ನಾನು, ಕುಡುಗೋಲಲ್ಲಿ. ಇದಕ್ಕೆ ಇವಳು. ಗಾರ್ಮೆಂಟ್ಸಿಗೆ ಹೋಗ್ತೀನಿ ಅಂದಿದ್ದಳು, ಹುಳ ಐತೆ ಬ್ಯಾಡ ಅಂದಿದ್ದೆ. ಅದಕ್ಕೇ ಹಿಂಗ್ ಮಾಡವ್ಳೆ," ಎಂದಳು ಚಿನ್ನಕ್ಕ.

"ಸೊಪ್ಪು ಹೆಚ್ಚೋ ಕತ್ತಿಯ ಹಿಡಿ ಕಿತ್ತೋಗಿತ್ತು," ಎಂದಳು ಭವ್ಯಾ. "ಇವರ ಚಾಕು ತಗೊಂಡೆ. ಹೆಚ್ಚೋ ಹಿಂದಿನ ಸಾಯಂಕಾಲವೇ ಮೂರು ನೀರಲ್ಲಿ ತೊಳೆದು ಒರೆಗೆ ಹಾಕಿಟ್ಟಿದ್ದೆ."

ಇವರು ಅಂದರೆ ಅವಳ ಗಂಡ ಸುನೀಲ. ಎರಡು ವರ್ಷ ರಾಯದುರ್ಗದಲ್ಲಿ ಜೀನ್ಸ್ ಹೊಲಿದು ಬರುವಾಗ ಅಲ್ಲಿನ ಸಂತೆಯಲ್ಲಿ ನೂರೈವತ್ತು ರೂಪಾಯಿಗೆ ಆ ಚಾಕು ಕೊಂಡಿದ್ದ. ಮಡಚಲಾಗದ ಗಟ್ಟಿ ಅಲಗು, ಕರೀ ಪ್ಲಾಸ್ಟಿಕ್ ಹಿಡಿ, ಸೊಂಟಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಒರೆ. ಬೇಲಿಗೂ ಅದೇ, ಎಳನೀರಿಗೂ ಅದೇ. ಅದರ ಮೇಲಿನ ಅವನ ಪ್ರೀತಿ ನೋಡಿ ಭವ್ಯಾಳೇ ರೇಗಿಸುತ್ತಿದ್ದಳು.

ಲಕ್ಷ್ಮಕ್ಕ ಚಾಕು ಮೂಸಿದಳು, ಒರೆಯನ್ನೂ ಮೂಸಿದಳು.

"ದಿನಾ ಸೊಂಟದಲ್ಲೇ ಇರ್ತದಾ, ಸುನೀಲ?"

"ಮಧ್ಯಾಹ್ನ ಮಲಗುವಾಗ ಜಗಲಿ ಮೊಳೆಗೆ ಹಾಕ್ತೀನಿ."

"ಒರೆ ತೊಳೀತೀಯಾ?"

"ಒರೆ ಯಾಕಕ್ಕ ತೊಳೀಬೇಕು? ಕುಯ್ಯೋದು ಅಲಗಲ್ವಾ?"

ಹನ್ನೆರಡೂವರೆಗೆ ಲಕ್ಷ್ಮಕ್ಕ ಎಲ್ಲರನ್ನೂ ಜಗಲಿಯಲ್ಲಿ ಕೂರಿಸಿದಳು. ಒರೆಗೆ ನೀರು ಹೊಯ್ದು, ಅಲುಗಾಡಿಸಿ, ಗಾಜಿನ ಲೋಟಕ್ಕೆ ಬಗ್ಗಿಸಿದಳು. ನೀರು ಕರೀ ಟೀ ಬಣ್ಣಕ್ಕೆ ತಿರುಗಿತ್ತು.

"ಮೂಸು, ಚಿನ್ನಕ್ಕ."

ಚಿನ್ನಕ್ಕ ಮೂಸಿ, "ಹೊಗೆಸೊಪ್ಪು," ಎಂದಳು.

"ತೋಟ ಒಂದೇ, ಸೊಪ್ಪು ತಂದ ಪುಟ್ಟಿ ಒಂದೇ. ನೀನು ಹೆಚ್ಚಿದ್ದು ತಿಂದ ಹುಳ ಚೆನ್ನಾಗವೆ. ಹಂಗಾದರೆ ವಿಷ ಸೊಪ್ಪಲ್ಲಿಲ್ಲ. ಇವಳ ಕೈಯಲ್ಲಿರಬೇಕು, ಇಲ್ಲ ಚಾಕುವಲ್ಲಿ. ನೀನು ಕೈ ನೋಡಿದೆ, ನಾನು ಚಾಕು ನೋಡಿದೆ. ನಮ್ಮ ಕುಡುಗೋಲು ಬರೀ ಅಲಗು, ಸೂರಲ್ಲಿ ಸಿಕ್ಕಿಸಿಬಿಡ್ತೀವಿ. ಒರೆಗೂ ನೀರು ಕಾಣಿಸ್ಬೇಕು ಅಂತ ಈ ಮನೇಲಿ ಯಾರಿಗೂ ಹೊಳೀಲಿಲ್ಲ. ಯಾರೋ ದಿನಾ ಹೊಗೆಸೊಪ್ಪು ಕುಯ್ದು, ಹಂಗೇ ಒರೆಗೆ ಹಾಕ್ತಾ ಬಂದವ್ರೆ. ಇವಳು ತೊಳೆದು ಒದ್ದೆ ಚಾಕು ಅದರೊಳಗೆ ಇಟ್ಟಳು. ರಾತ್ರಿಯೆಲ್ಲ ನೆನೆದು ರಸ ಅಲಗಿಗೆ ಹತ್ತಿತು."

"ಯಾರು ಕುಯ್ದಿದ್ದು?" ಎಂದೆ ನಾನು. ನನಗೆ ತಾಳ್ಮೆ ಕಡಿಮೆ.

ಅವಳು ನನ್ನ ಕಡೆ ತಿರುಗಿದಳು. "ನೀವು ಯಾಕೆ ಹೊರಗೆ ನಿಂತ್ರಿ?"

"ಬೀಡಿ ಮುಟ್ಟಿದ್ದೆ, ಅದಕ್ಕೆ."

"ನಿಮ್ಮ ಪಕ್ಕದವರು? ಹುಳ ಸಾಯ್ತಾ ಇದ್ದರೆ ಮೊದಲು ಒಳಗೆ ನುಗ್ಗಬೇಕಾದವರು ಅವರೇ ಅಲ್ವಾ?"

ನನ್ನ ಮರ್ಯಾದೆ ಹೋಯಿತು. ಅಷ್ಟು ಹೊತ್ತು ನರಸಿಂಹಪ್ಪನ ಭುಜಕ್ಕೆ ಭುಜ ತಾಗಿಸಿ ನಿಂತರೂ ನನಗೆ ಅದು ಹೊಳೆದಿರಲಿಲ್ಲ.

"ಹುಳಕ್ಕೆ ಕೆಡುಕಾಗಬಾರದು ಅಂತ ನಿಯಮ ಪಾಲಿಸಿ ಹೊರಗೆ ನಿಂತ್ರಿ. ಅದೇ ನಿಮ್ಮನ್ನ ಹಿಡಿದುಕೊಡ್ತು, ನರಸಿಂಹಣ್ಣ," ಎಂದಳು ಲಕ್ಷ್ಮಕ್ಕ ಮೆಲ್ಲಗೆ.

ನರಸಿಂಹಪ್ಪ ವಾಸನೆ ಮುಚ್ಚಲು ಜಗಿಯುತ್ತಿದ್ದ ಲವಂಗ ಉಗಿದ. "ತಿಂಗಳಾಯ್ತು ಮತ್ತೆ ಶುರು ಮಾಡಿ. ನನ್ನ ಚಾಕು ಬಾವೀಲೈತಲ್ಲ, ಸುನೀಲ ಮಲಗಿದಾಗ ಅವನ ಚಾಕು ತಗೊಂಡು ತೋಟಕ್ಕೆ ಹೋಗಿ ಹೊಗೆಸೊಪ್ಪು ಕುಯ್ಕೊಂತಿದ್ದೆ. ಇವಳು ಅದರಲ್ಲಿ ಸೊಪ್ಪು ಹೆಚ್ಚಿದ್ದು ಈಗಲೇ ಗೊತ್ತಾಗಿದ್ದು. ಸಿದ್ದೇಶ್ವರನಾಣೆ." ಆಮೇಲೆ ಯಾವ ಬಾಯಲ್ಲಿ ಆಣೆ ಮಾಡುತ್ತಿದ್ದೇನೆಂದು ನೆನಪಾಗಿ ಅತ್ತುಬಿಟ್ಟ. "ಕಳಿಸೋದಾದರೆ ನನ್ನ ಕಳಿಸು ಚಿನ್ನಿ, ಆ ಮಗೀನ ಬ್ಯಾಡ."

"ನಿನ್ನ ಯಾರು ಇಟ್ಕೊಂತಾರೆ," ಎಂದು ಚಿನ್ನಕ್ಕ ಕಣ್ಣೊರೆಸಿಕೊಂಡಳು. ಸೊಸೆಯ ಕೈಯಿಂದ ಬ್ಯಾಗು ತೆಗೆದುಕೊಳ್ಳಹೋದಳು. ಭವ್ಯಾ ಬಿಡಲಿಲ್ಲ.

"ಅತ್ತೆ, ಗಾರ್ಮೆಂಟ್ಸಿಗೆ ಹೋಗ್ತೀನಿ ಅಂದಿದ್ದು ನಿಜ. ಈಗಲೂ ಆಸೆ ಐತೆ. ಅದಕ್ಕೇಂತ ಹುಳ ಸಾಯಿಸ್ತೀನಾ ನಾನು?"

ಚಿನ್ನಕ್ಕ ಸೊಸೆಯ ಪಕ್ಕ ಕೂತಳು.

"ತಪ್ಪಾಯ್ತು ಕಣವ್ವ," ಎಂದಳು. "ಹುಳ ಗೂಡು ಕಟ್ಟಲಿ, ಹಿಂದೂಪುರದ ಗಾರ್ಮೆಂಟ್ಸ್ ಬಸ್ಸಿಗೆ ನಾನೇ ಬುತ್ತಿ ಕಟ್ಟಿ ಹತ್ತಿಸ್ತೀನಿ. ಸಾಯಂಕಾಲ ಮಾತ್ರ ನಮ್ಮನೆಗೇ ಬರ್ಬೇಕು."

ಭವ್ಯಾಳ ಕೈ ಬ್ಯಾಗನ್ನು ಬಿಟ್ಟಿತು.