ಎಂಟರಲ್ಲಿ ಎಂಟನೆಯ ಮೇಕೆ

“ಎಂಟನೇ ಸ್ಥಾನ!” ಎಂದು ಮೈಕು ಬೆಂಚಿನ ಮೇಲೆ ಹತ್ತಿ ಕೂಗಿದ. ಕೂಗಲು ಅವನಿಗೆ ಬೆಂಚೇನೂ ಬೇಕಿರಲಿಲ್ಲ. ನೆಲದ ಮೇಲೆ ಕೂತು ಪಿಸುಗುಟ್ಟಿದರೂ ಪಕ್ಕದ ಸೆಕ್ಷನ್ನಿಗೆ ಕೇಳಿಸುವ ಗಂಟಲು ಅವನದು. ಅದಕ್ಕೇ ಅವನನ್ನು ಎಲ್ಲರೂ ಮೈಕು ಎನ್ನುತ್ತಿದ್ದರು.

ಗೋಡೆಗೆ ಅಂಟಿಸಿದ್ದ ಹಾಳೆಯನ್ನು ಅವನು ಜೋರಾಗಿ ಓದಿದ: “ಮೇಕೆಯ ಮಹಾಸಾಹಸ! ಇದರಲ್ಲಿ ಮೇಕೆ ಎರಡು ಗಂಟೆ ವಟವಟ ಮಾತಾಡುತ್ತದೆ. ಅದರ ದನಿ ಕೇಳಿದರೆ, ಯಾರಾದರೂ ಆ ಬಾಗಿಲಿಗೆ ಎಣ್ಣೆ ಬಿಡಿ ಅನ್ನಬೇಕು ಅನ್ನಿಸುತ್ತದೆ. ನನ್ನ ಸಲಹೆ: ಮೇಕೆಗೆ ಸೊಪ್ಪು ಹಾಕಿ. ಈ ಸಿನಿಮಾಕ್ಕೆ ಮಾತ್ರ ಸೊಪ್ಪು ಹಾಕಬೇಡಿ!”

ಇಡೀ ಐದನೇ ಕ್ಲಾಸು ಹೊಟ್ಟೆ ಹಿಡಿದುಕೊಂಡು ನಕ್ಕಿತು.

ಬರೆದವಳು ಪಕ್ಕದಲ್ಲೇ ನಿಂತಿದ್ದಳು, ತನಗೂ ಇದಕ್ಕೂ ಏನೇನೂ ಸಂಬಂಧವಿಲ್ಲ ಎನ್ನುವ ಮುಖ ಮಾಡಿಕೊಂಡು. ಅವಳನ್ನು ಕ್ಲಾಸಿನವರೆಲ್ಲ ಪಟ್ಟಿ ಎಂದೇ ಕರೆಯುತ್ತಿದ್ದರು. ಏನು ಕಂಡರೂ ಅದನ್ನು ಪಟ್ಟಿ ಮಾಡಿ ನಂಬರ್ ಕೊಡದಿದ್ದರೆ ಅವಳಿಗೆ ತಿಂದದ್ದು ಅರಗುತ್ತಿರಲಿಲ್ಲ. ಟೀಚರ್‌ಗಳಿಗೆ ನಂಬರ್ ಕೊಟ್ಟಿದ್ದಳು. ಟೀಚರ್‌ಗಳ ಚಪ್ಪಲಿಗಳಿಗೂ ಕೊಟ್ಟಿದ್ದಳು. ಮನೆಯಲ್ಲಿ ಅಣ್ಣನಿಗೆ ಎರಡನೇ ಸ್ಥಾನ ಕೊಟ್ಟಿದ್ದಳು. ಮನೆಯಲ್ಲಿ ಇದ್ದವರು ಇಬ್ಬರೇ ಮಕ್ಕಳು.

ಈ ಸಲ ಕ್ಲಾಸ್ ಟೀಚರ್ ಗೋಡೆ ಪತ್ರಿಕೆಗೆ ಏನಾದರೂ ಬರೆಯಿರಿ ಎಂದಿದ್ದರು. ಉಳಿದವರು ನೀರು ಉಳಿಸಿ, ಮರ ಬೆಳೆಸಿ ಎಂದು ಬರೆದರು. ಪಟ್ಟಿ ಮಾತ್ರ ‘ಸುಳಿಗಾಳಿ ಸವಾರರು’ ಸಿನಿಮಾಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ನಂಬರ್ ಹಾಕಿದ್ದಳು. ಒಟ್ಟು ಎಂಟು: ಐದು ದೊಡ್ಡ ಸಿನಿಮಾ, ಮೂರು ಸ್ಪಿನ್‌ಆಫ್. ಸ್ಪಿನ್‌ಆಫ್ ಎಂದರೆ ಮತ್ತೇನಿಲ್ಲ. ದೊಡ್ಡ ಸಿನಿಮಾದಲ್ಲಿ ಸುಮ್ಮನೆ ಮೂಲೆಯಲ್ಲಿ ನಿಂತಿದ್ದವರನ್ನು ಎಳೆದು ತಂದು, ಅವರಿಗೂ ಒಂದು ಸಿನಿಮಾ ಮಾಡಿ, ಮತ್ತೆ ಟಿಕೆಟ್ ಮಾರುವುದು. ಸುಳಿಗಾಳಿ ಹಡಗಿನ ಮೂಲೆಯಲ್ಲಿ ಒಂದು ಮೇಕೆ ಇತ್ತು. ಅದನ್ನೂ ಬಿಡಲಿಲ್ಲ.

“ನಾಲ್ಕನೇದು ಓದೋ, ನಾಲ್ಕನೇದು!” ಎಂದು ಯಾರೋ ಕೂಗಿದರು.

“ಭಾಗ ಐದು,” ಎಂದು ಮೈಕು ಶುರುಮಾಡಿದ. “ಹಿಂದಿನ ಭಾಗದಲ್ಲಿ ಸತ್ತ ಕ್ಯಾಪ್ಟನ್ ಇದರಲ್ಲಿ ಬದುಕಿದ್ದಾನೆ. ಹೇಗೆ ಅಂತ ಕೇಳಬೇಡಿ, ಸಿನಿಮಾ ಮಾಡಿದವರಿಗೂ ಗೊತ್ತಿಲ್ಲ.”

ಮತ್ತೆ ನಗು. ಟೀಚರ್ ಕೂಡ ಹಾಜರಿ ಪುಸ್ತಕವನ್ನು ಬಾಯಿಗೆ ಅಡ್ಡ ಹಿಡಿದರು.

ಒಬ್ಬಳು ಮಾತ್ರ ನಗಲಿಲ್ಲ. ಅವಳು ಪಟ್ಟಿಯ ಬೆಂಚಿನಲ್ಲೇ ಕೂರುವ ತಂತಿ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡಿದ್ದಳು, ಆದ್ದರಿಂದ ತಂತಿ. ಈ ವರ್ಷ ಬೇರೆ ಸ್ಕೂಲಿನಿಂದ ಬಂದವಳು. ಪಟ್ಟಿಯ ಜೋಕಿಗೆ ಎಲ್ಲರಿಗಿಂತ ಮೊದಲು ನಗುತ್ತಿದ್ದವಳೂ ಅವಳೇ. ಅದಕ್ಕೇ ಪಟ್ಟಿಗೆ ಅವಳೆಂದರೆ ಪಂಚಪ್ರಾಣ.

ಊಟದ ಬೆಲ್ಲಾಯಿತು. ತಂತಿ ಡಬ್ಬಿ ತೆರೆದಳು, ತಿನ್ನಲಿಲ್ಲ.

“ನೀನು ಆ ಮೇಕೆ ಸಿನಿಮಾ ನೋಡಿದ್ದೀಯಾ?”

“ಮತ್ತೆ? ನೋಡದೇ ಬರೀತಾರಾ ಯಾರಾದ್ರೂ?”

“ಪೂರ್ತಿ?”

“ಹೆಸರು ಬರೋದ್ರಿಂದ ಹಿಡಿದು ಲೈಟ್ ಹಾಕೋವರೆಗೆ.”

“ಅದರಲ್ಲಿ ಮೇಕೆ ಮಾತಾಡತ್ತಾ?”

“ಮಾತಾಡತ್ತಾ ಅಂತೀಯಲ್ಲ! ಬಾಯಿ ಮುಚ್ಚಿದ್ರೆ ತಾನೇ?”

ತಂತಿ ಡಬ್ಬಿಯ ಮುಚ್ಚಳ ಹಾಕಿದಳು. “ಮೇಕೆ ಮಾತಾಡೋದು ಟ್ರೇಲರ್‌ನಲ್ಲಿ ಮಾತ್ರ, ಜನ ಬರಲಿ ಅಂತ. ಸಿನಿಮಾದಲ್ಲಿ ಅದು ಒಂದು ಮಾತೂ ಆಡಲ್ಲ. ಬರೀ ಮೇ ಅನ್ನತ್ತೆ. ಆ ಮೇ ನಮ್ಮಪ್ಪಂದು.”

ಪಟ್ಟಿ ಬಾಯಿಗೆ ಹಾಕಿದ ತುತ್ತು ಅಲ್ಲೇ ನಿಂತಿತು. “ನಿಮ್ಮಪ್ಪ ಸ್ಪೀಕರ್ ರಿಪೇರಿ ಮಾಡೋರಲ್ವಾ?”

“ಸೌಂಡ್ ಕೆಲಸ ಅಂದಿದ್ದೆ. ಎಂಥ ಸೌಂಡ್ ಅಂತ ನೀನು ಕೇಳಲೇ ಇಲ್ಲ. ಆವತ್ತು ಪೆನ್ಸಿಲ್‌ಗಳಿಗೆ ನಂಬರ್ ಕೊಡ್ತಿದ್ದೆ. ಅಪ್ಪ ಡಬ್ಬಿಂಗ್ ಮಾಡೋದು. ಬೇರೆ ಭಾಷೆ ಸಿನಿಮಾಗಳಿಗೆ ನಮ್ಮ ಭಾಷೇಲಿ ದನಿ ಕೊಡ್ತಾರೆ.”

ಅಷ್ಟು ಹೇಳಿ ಬ್ಯಾಗು ತೆಗೆದುಕೊಂಡು ಹೋಗಿ ಮೈಕುವಿನ ಪಕ್ಕ ಕೂತಳು. ಮೈಕುವಿನ ಪಕ್ಕ ಕೂರುವುದೆಂದರೆ ಕಿವಿಯ ಆಸೆ ಬಿಟ್ಟ ಹಾಗೆ. ಅಂಥ ಜಾಗ ವಾಸಿ ಅನ್ನಿಸಿತೆಂದರೆ ಅವಳ ಕೋಪ ಎಷ್ಟಿತ್ತು ನೀವೇ ನೋಡಿ.

ನಿಜ ಹೇಳಬೇಕೆಂದರೆ, ಪಟ್ಟಿ ನೋಡಿದ್ದು ಟ್ರೇಲರ್ ಮಾತ್ರ. ಅಮ್ಮನ ಫೋನಿನಲ್ಲಿ ಮೂರು ಸಲ ನೋಡಿದ್ದಳು. ಒಂದು ಸಲಕ್ಕೆ ಎರಡು ನಿಮಿಷ, ಮೂರು ಸಲಕ್ಕೆ ಆರು ನಿಮಿಷ. ಆರು ನಿಮಿಷ ನೋಡಿದ ಮೇಲೆ ಉಳಿದ ಒಂದು ಗಂಟೆ ಐವತ್ತನಾಲ್ಕು ನಿಮಿಷ ಏನು ಮಹಾ, ಎಂದು ತಜ್ಞರಿಗೆ ಅನ್ನಿಸುವುದು ಸಹಜ.

ತಂತಿ ಎಲ್ಲರಿಗೂ ಹೇಳಿಬಿಡುತ್ತಾಳೆ ಎಂದು ಪಟ್ಟಿ ಆ ದಿನವೆಲ್ಲ ಹೆದರಿದಳು. ತಂತಿ ಹೇಳಲಿಲ್ಲ. ಮಾರನೇ ದಿನವೂ ಹೇಳಲಿಲ್ಲ. ಪಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಗಣಿತದ ಪೀರಿಯಡ್ಡಿನಲ್ಲಿ ಪಟ್ಟಿಗೆ ಒಂದು ಒಳ್ಳೆಯ ಜೋಕು ಹೊಳೆಯಿತು, ಪಕ್ಕಕ್ಕೆ ತಿರುಗಿದಳು, ಅಲ್ಲಿ ಬರೀ ಬೆಂಚಿತ್ತು. ಅಳು ಬಂದೇಬಿಟ್ಟಿತು. ಕಣ್ಣಿಗೆ ಕಸ ಬಿತ್ತು ಎಂದು ಟೀಚರ್‌ಗೆ ಹೇಳಿದಳು.

ಮನೆಗೆ ಬಂದು ಅಣ್ಣನನ್ನು ಕೇಳಿದಳು, “ಒಬ್ಬರಿಗೆ ಬೇಜಾರಾಗಿದ್ರೆ ಏನು ಮಾಡ್ಬೇಕೋ?”

“ಸಾರಿ ಕೇಳ್ಬೇಕು.”

“ಎಂಥ ಸಾರಿ?”

“ಸಾರಿಲಿ ಎಂಥದು ಏನೇ, ಮಾರಾಯ್ತಿ!”

ಅಣ್ಣನಿಗೇನು ಗೊತ್ತು, ಅವನು ಎರಡನೇ ಸ್ಥಾನದವನು. ಪಟ್ಟಿ ಹಾಳೆ ತೆಗೆದು ಸಾರಿಗಳ ಪಟ್ಟಿ ಮಾಡಿದಳು. ಒಂದು, ಅತ್ತುಕೊಂಡು ಕೇಳುವ ಸಾರಿ. ಎರಡು, ಚಾಕೊಲೇಟ್ ಕೊಟ್ಟು ಕೇಳುವ ಸಾರಿ. ಮೂರು, ‘ನನ್ನ ತಪ್ಪಿಲ್ಲ ಆದರೂ ಸಾರಿ’. ಮೂರನ್ನೂ ಬಾಯಿಪಾಠ ಮಾಡಿಕೊಂಡು, ಗುರುವಾರ ಸ್ಕೂಲು ಬಿಟ್ಟ ಮೇಲೆ ತಂತಿಯ ಮನೆಗೆ ಹೋದಳು.

ಬಾಗಿಲಿಗೆ ಒಂದು ಚೀಟಿ ಅಂಟಿಸಿತ್ತು: ‘ರೆಕಾರ್ಡಿಂಗ್ ನಡೆಯುತ್ತಿದೆ. ಬೆಲ್ ಒತ್ತಬೇಡಿ. ಸೀನಬೇಡಿ.’

ಕಿಟಕಿಯಿಂದ ನೋಡಿದ ತಂತಿ ಬಾಗಿಲು ತೆರೆದು, ಬಾಯಿಯ ಮೇಲೆ ಬೆರಳಿಟ್ಟಳು. ಪಟ್ಟಿ ಬಾಯಿ ತೆರೆದಳು. ತಂತಿ ಬೆರಳನ್ನು ಇನ್ನೂ ಗಟ್ಟಿಯಾಗಿ ಒತ್ತಿದಳು. ಮೂರು ಸಾರಿಗಳೂ ಬಾಯೊಳಗೇ ಉಳಿದವು.

ಒಳಗೆ ಫ್ಯಾನ್ ಆಫ್. ಗುಂಯ್‌ಗುಡುತ್ತದೆ ಎಂದು ಫ್ರಿಜ್ಜೂ ಆಫ್. ಗೋಡೆಯ ಗಡಿಯಾರವನ್ನು ದಿಂಬಿನ ಕೆಳಗೆ ಮಲಗಿಸಿದ್ದರು. ಪಕ್ಕದ ಕೋಣೆಯ ಬಾಗಿಲಿಗೆ ಹಳೇ ಹಾಸಿಗೆ ಒರಗಿಸಿತ್ತು, ಅದರ ಹಿಂದಿನಿಂದ ಒಬ್ಬ ಮುದುಕ ಕೆಮ್ಮುವುದು ಕೇಳಿಸಿತು. ಕೆಮ್ಮಿ ಕೆಮ್ಮಿ, “ಮಗನೇ...” ಎಂದು ಪ್ರಾಣ ಬಿಟ್ಟ. ಒಂದು ನಿಮಿಷ ಬಿಟ್ಟು ಮತ್ತೆ ಕೆಮ್ಮಿದ, ಮತ್ತೆ ಪ್ರಾಣ ಬಿಟ್ಟ. ಪಟ್ಟಿ ಇಪ್ಪತ್ತು ನಿಮಿಷ ಒಂದೇ ಒಂದು ಮಾತಾಡದೆ ಕೂತಳು. ಅವಳ ಜೀವಮಾನದಲ್ಲಿ ಎಚ್ಚರವಾಗಿದ್ದಾಗ ಇಷ್ಟು ಹೊತ್ತು ಸುಮ್ಮನಿದ್ದದ್ದು ಇದೇ ಮೊದಲು.

ಕೊನೆಗೆ ಹಾಸಿಗೆ ಸರಿಯಿತು. ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡ, ಸಣಕಲು ಅಂಕಲ್ ಒಬ್ಬರು ಬೆವರೊರೆಸಿಕೊಳ್ಳುತ್ತ ಬಂದರು.

“ಐದು ಸಲ ಸತ್ತೆ. ಡೈರೆಕ್ಟರ್‌ಗೆ ಮೂರನೇ ಸಾವು ಇಷ್ಟ ಆಗತ್ತೆ ನೋಡ್ತಾ ಇರಿ,” ಎಂದು ಫ್ಯಾನ್ ಹಾಕಿದರು. ಆಮೇಲೆ ಪಟ್ಟಿಯನ್ನು ಕಂಡು, “ಓಹೋ! ನಮ್ಮ ಮೇಕೆಗೆ ಎಂಟನೇ ಸ್ಥಾನ ಕೊಟ್ಟೋಳು ನೀನೇನಾ, ಪುಟ್ಟಾ? ಮಗಳು ಹೇಳಿದ್ಲು. ನಾನಿರೋ ಸಿನಿಮಾ ಯಾವತ್ತಾದ್ರೂ ಟಾಪ್ ಟೆನ್‌ಗೆ ಬಂದಿದೆಯಾ? ಸ್ಟುಡಿಯೋದಲ್ಲಿ ಎಲ್ಲರಿಗೂ ಹೇಳಿಬಿಟ್ಟೆ!” ಎಂದರು.

ತಂತಿ ನೆಲ ನೋಡುತ್ತಿದ್ದಳು. ಅವಳು ಅಪ್ಪನಿಗೆ ಎಂಟನೇ ಸ್ಥಾನ ಎಂದಷ್ಟೇ ಹೇಳಿದ್ದಳು. ಎಷ್ಟರಲ್ಲಿ ಎಂಟು ಎಂದು ಹೇಳಿರಲಿಲ್ಲ.

ಪಟ್ಟಿ ಹೂಂ ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಂಕಲ್‌ಗೆ ಖುಷಿ, ಅವಳಿಗೆ ಮರ್ಯಾದೆ. ಅವಳು ಹೂಂ ಎನ್ನಲು ಬಾಯಿ ತೆರೆದಳು. ಆದರೆ ಆ ಮುಖ ಅಷ್ಟು ಖುಷಿಯಾಗಿತ್ತು, ನೋಡಲು ಆಗಲಿಲ್ಲ.

“ಅಂಕಲ್... ಇರೋದೇ ಎಂಟು ಸಿನಿಮಾ.”

“ಓ,” ಎಂದರು ಅಂಕಲ್. ಸ್ವಲ್ಪ ಹೊತ್ತು ಮಫ್ಲರಿನ ತುದಿ ಹಿಡಿದು ಎಳೆದರು. “ಹಾಗಾದ್ರೆ ಕೊನೇದು ಅನ್ನು.”

“ಹೂಂ.”

“ಅಷ್ಟು ಕೆಟ್ಟದಾಗಿತ್ತಾ ನನ್ನ ಮೇಕೆ?” ಅವರು ತಮಾಷೆಗೆ ಕೇಳಿರಲಿಲ್ಲ. ನಿಜವಾಗಿಯೇ ಕೇಳಿದ್ದರು.

ಬಾಯಿಪಾಠ ಮಾಡಿದ್ದ ಸಾರಿಗಳಲ್ಲಿ ಒಂದೂ ಇದಕ್ಕೆ ಹೊಂದುತ್ತಿರಲಿಲ್ಲ. “ನಾನು ನೋಡೇ ಇಲ್ಲ, ಅಂಕಲ್,” ಎಂದಳು ಪಟ್ಟಿ. ಕಿವಿಯೆಲ್ಲ ಬಿಸಿಯಾಯಿತು.

ಅಂಕಲ್ ಅವಳನ್ನು ನೋಡಿದರು, ಮಗಳನ್ನು ನೋಡಿದರು. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟರು. “ನೋಡಿಲ್ವಾ? ಪುಣ್ಯವಂತೆ ಕಣಮ್ಮ ನೀನು! ನಾನು ಮೂವತ್ತು ಸಲ ನೋಡಿದ್ದೀನಿ. ಕೂತ್ಕೋ, ನಿನ್ನ ಪುಣ್ಯ ಇವತ್ತಿಗೆ ಮುಗೀತು.”

ಮನೆಗೆ ಫೋನ್ ಮಾಡಿ ತಿಳಿಸಿ, ಕಂಪ್ಯೂಟರಿನಲ್ಲಿ ಸಿನಿಮಾ ಹಾಕಿದರು. ಒಂದು ಕಡೆ ಪಟ್ಟಿ, ಒಂದು ಕಡೆ ತಂತಿ, ನಡುವೆ ಅಂಕಲ್.

ಸಿನಿಮಾ ದರಿದ್ರವಾಗಿತ್ತು. ಪಟ್ಟಿ ಬರೆದದ್ದಕ್ಕಿಂತ ದರಿದ್ರವಾಗಿತ್ತು. ಹಡಗು ಮುಳುಗಿದ ಮೇಲೆ ಮೇಕೆ ಮರದ ಹಲಗೆ ಹಿಡಿದು ಸಮುದ್ರ ದಾಟಿತು, ಮೈ ಮಾತ್ರ ಒದ್ದೆಯಾಗಲಿಲ್ಲ. ಮರುಭೂಮಿಯಲ್ಲಿ ಬಿಸಿಲಿಗೆ ಎಲ್ಲರೂ ಬಿದ್ದರೆ, ಮೇಕೆಯೊಂದೇ ಕೂದಲು ಬಾಚಿಸಿಕೊಂಡ ಹಾಗೆ ನಡೆಯಿತು. ಡಕಾಯಿತರು ಕತ್ತಿ ಬಿಟ್ಟು ಮಾತಾಡಿಯೇ ಸೋತರು.

ಆದರೆ ಮೇಕೆ ಒಂದೊಂದು ಸಲ ಕೂಗಿದಾಗಲೂ ಪಕ್ಕದಲ್ಲಿ ಅಂಕಲ್‌ನ ತುಟಿ ಅಲ್ಲಾಡುತ್ತಿತ್ತು. ಮೇಕೆ ಬಂಡೆ ಹತ್ತಿದರೆ ಇವರ ಕುತ್ತಿಗೆಯ ನರ ಉಬ್ಬುತ್ತಿತ್ತು.

“ಮೇಕೆ ಕೂಗು ಆ ಸಿನಿಮಾದಲ್ಲೇ ಇರ್ಲಿಲ್ವಾ, ಅಂಕಲ್?”

“ಇತ್ತು. ಆದ್ರೆ ಅದರ ಮೇಲೇ ಅವರ ಭಾಷೇಲಿ ಯಾರೋ ಮಾತಾಡಿದ್ರು. ಮಾತು ಕಿತ್ತು ಹಾಕಿದ್ರೆ ಮೇಕೇನೂ ಹೋಯ್ತು. ಅದಕ್ಕೇ ಎಲ್ಲ ಮೇನೂ ನಾನೇ ಹೊಸದಾಗಿ ಕೂಗಿದೆ. ಒಟ್ಟು ನಾನೂರ ಹನ್ನೆರಡು. ಹಸಿವಿನ ಮೇ ಬೇರೆ, ಹೆದರಿಕೆ ಮೇ ಬೇರೆ. ಇಲ್ಲಿ ನೋಡು, ಈಗ ಬರತ್ತೆ.”

ತೆರೆಯ ಮೇಲೆ ಮೇಕೆ ಕ್ಯಾಪ್ಟನ್‌ನನ್ನು ಕಂಡುಹಿಡಿದಿತ್ತು. ಅವನು ಮರಳಲ್ಲಿ ಬಿದ್ದಿದ್ದ. ಮೇಕೆ ಹತ್ತಿರ ಹೋಗಿ ನಿಂತಿತು, ಕೂಗಲಿಲ್ಲ. ಉಸಿರು ಕಟ್ಟಿ ಕಟ್ಟಿ ಬಿಟ್ಟಿತು. ಆಮೇಲೆ, ಕೇಳಿಸಿತೋ ಇಲ್ಲವೋ ಅನ್ನುವಷ್ಟು ಸಣ್ಣದಾಗಿ ‘ಮೇ’ ಎಂದಿತು.

ಪಟ್ಟಿ ಇದಕ್ಕೊಂದು ಕೊಂಕು ಮಾತು ಹುಡುಕಿದಳು. ಸಿಗಲಿಲ್ಲ. 

ಅಲ್ಲಿಗೇ ನಿಲ್ಲಿಸಿದ್ದರೆ ಸಿನಿಮಾದ ಮಾನ ಉಳಿಯುತ್ತಿತ್ತು. ಆಮೇಲೆ ಇನ್ನೂ ಇಪ್ಪತ್ತು ನಿಮಿಷ ಎಳೆದು, ಮೇಕೆಗೆ ಕಿರೀಟ ತೊಡಿಸಿದರು.

“ಈಗ ಹೇಳು,” ಎಂದರು ಅಂಕಲ್.

“ಸಿನಿಮಾ ಸುಮಾರು ಕೆಟ್ಟದಾಗಿದೆ, ಅಂಕಲ್.”

“ಸುಮಾರೇನು ಬಂತು, ಪೂರ್ತಿ ಕೆಟ್ಟದೇ.”

“ಆದ್ರೆ ಆ ಸಣ್ಣ ಮೇ... ನಂಗೆ ಅಳು ಬಂತು.”

ಅಂಕಲ್ ಬಿಸಿನೀರು ಕುಡಿಯಬೇಕು ಎಂದು ಅಡುಗೆಮನೆಗೆ ಹೋದರು. ಹೋಗುವಾಗ ಮಫ್ಲರಿನಲ್ಲಿ ಮುಖ ಒರೆಸಿಕೊಂಡರು.

ತಂತಿ ಆಗ ಮೊದಲ ಸಲ ಬಾಯಿ ಬಿಟ್ಟಳು. “ಇಲ್ಲಿ ಹೇಳಿದೆ, ಸರಿ. ನಾಳೆ ಕ್ಲಾಸಲ್ಲಿ ಹೇಳ್ತೀಯಾ?”

“ಹೇಳ್ತೀನಿ.”

“ನೋಡೋಣ,” ಎಂದಳು ತಂತಿ. ಅವಳಿಗೆ ನಂಬಿಕೆ ಬಂದಿರಲಿಲ್ಲ.

ಶುಕ್ರವಾರ ಕೊನೇ ಪೀರಿಯಡ್ಡಿನಲ್ಲಿ ಎಲ್ಲರೂ ತಾವು ಬರೆದದ್ದನ್ನು ಮುಂದೆ ನಿಂತು ಓದಬೇಕಿತ್ತು. ನೀರು ಉಳಿಯಿತು, ಮರ ಬೆಳೆಯಿತು, ಕ್ಲಾಸು ಆಕಳಿಸಿತು. ಪಟ್ಟಿಯ ಸರದಿ ಬಂದಾಗ ಎಲ್ಲರೂ ನೆಟ್ಟಗೆ ಕೂತರು.

“ಮೇಕೆಯಿಂದ ಶುರುಮಾಡೇ!” ಎಂದ ಮೈಕು.

ಪಟ್ಟಿ ಹಾಳೆಯನ್ನು ಗೋಡೆಯಿಂದ ಬಿಡಿಸಿಕೊಂಡು ಬಂದಳು. “ಎಂಟನೇದು ಮೇಕೆಯ ಮಹಾಸಾಹಸ. ನಾನು ಬರೆದಿದ್ದು ಸುಳ್ಳು. ಅದರಲ್ಲಿ ಮೇಕೆ ಮಾತಾಡೋದೇ ಇಲ್ಲ. ನೋಡದೇ ಬರೆದಿದ್ದೆ. ನಿನ್ನೆ ನೋಡಿದೆ. ಸಿನಿಮಾ ಈಗ್ಲೂ ಎಂಟನೇದೇ. ಆದ್ರೆ ಮೇಕೆ ಕೂಗೋದು ತಂತಿ ಅಪ್ಪ. ಆ ಎಂಟು ಸಿನಿಮಾದಲ್ಲಿ ಯಾರೂ ಅಷ್ಟು ಚೆನ್ನಾಗಿ ಕೂಗಿಲ್ಲ.”

“ಹೌದೇನೇ, ತಂತಿ?” ಎಂದು ಮೈಕು ಪಕ್ಕಕ್ಕೆ ತಿರುಗಿ, ಅವಳ ಕಿವಿಯಲ್ಲೇ ಕಿರುಚಿದ. ಎಲ್ಲರೂ ತಂತಿಯನ್ನು ನೋಡಿದರು. ಟೀಚರ್ ತಲೆದೂಗಿ, “ಗುಡ್. ಹೋಗಿ ಕೂತ್ಕೋ,” ಎಂದರು.

ಪಟ್ಟಿ ಹೋಗಲಿಲ್ಲ. ಹಾಳೆಯನ್ನು ಮತ್ತೆ ನೋಡಿದಳು. ಯಾರೂ ಇನ್ನೇನೂ ಕೇಳಿರಲಿಲ್ಲ, ಯಾರಿಗೂ ಗೊತ್ತಾಗುವ ಹಾಗೂ ಇರಲಿಲ್ಲ. ಟೀಚರ್ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡು ಎರಡನೇ ಸ್ಥಾನಕ್ಕೆ ಅಡ್ಡಗೆರೆ ಎಳೆದಳು.

“ಇದನ್ನೂ ನೋಡಿಲ್ಲ. ಅಣ್ಣ ನೋಡ್ಕೊಂಡು ಬಂದು ಹೇಳಿದ್ದ.”

“ಏನೇ ಇದು! ಹಿಮದ ಕಾಳಗ ನೋಡ್ತಾ ಕುರ್ಚಿ ಹಿಡ್ಕೊಂಡಿದ್ದೆ ಅಂತ ಬರೆದಿದ್ದೀಯಲ್ಲ!” ಎಂದು ಹಿಂದಿನ ಬೆಂಚಿನವರು ಕೂಗಿದರು.

“ಅಣ್ಣ ಹಿಡ್ಕೊಂಡಿದ್ದ,” ಎಂದಳು ಪಟ್ಟಿ. ಆರನೇ ಸ್ಥಾನಕ್ಕೂ ಗೆರೆ ಎಳೆದಳು. “ಇದಕ್ಕೆ ಪೋಸ್ಟರ್ ಮಾತ್ರ ನೋಡಿದ್ದೀನಿ.”

ಕ್ಲಾಸಿನಲ್ಲಿ ನಗುವೋ ನಗು. ಈ ಸಲ ನಗುತ್ತಿದ್ದದ್ದು ಅವಳ ಜೋಕಿಗಲ್ಲ, ಅವಳಿಗೇ. ಹಾಳೆಯ ಮೇಲೆ ಗೆರೆ ಎಳೆದ ಸಾಲುಗಳು ಎದ್ದು ಕಾಣುತ್ತಿದ್ದವು.

“ಹಾಗಾದ್ರೆ ಒಟ್ಟು ಎಷ್ಟು ನೋಡಿದ್ದೀಯಮ್ಮ, ಮಹಾತಾಯಿ?” ಎಂದ ಮೈಕು.

“ಆರು,” ಎಂದಳು ಪಟ್ಟಿ. ಒಂದು ಕ್ಷಣ ಯೋಚಿಸಿದಳು. “ಐದೂವರೆ. ಒಂದರಲ್ಲಿ ನಿದ್ದೆ ಬಂದಿತ್ತು.”

ತನ್ನ ಜಾಗಕ್ಕೆ ಹೋಗಿ ಕೂತು, ಖಾಲಿ ಬೆಂಚಿನ ನಡುವೆ ಮೈ ಚೆಲ್ಲಿದಳು. ಮುಖ ಉರಿಯುತ್ತಿತ್ತು. ತಲೆ ಎತ್ತಿ ಯಾರನ್ನೂ ನೋಡಲಿಲ್ಲ.

ಪಕ್ಕದಲ್ಲಿ ಯಾರೋ ಬ್ಯಾಗು ದೊಪ್ಪೆಂದು ಇಟ್ಟರು.

“ಜರುಗೇ,” ಎಂದಳು ತಂತಿ.

ಪಟ್ಟಿ ಜರುಗಿದಳು.